ಹಿಟ್ಟಿನ ಕೋಳಿಯ ಪಾಪ: ಒಳಿತು-ಕೆಡುಕು ನಿಜವಾಗಿ ಇವೆಯೇ, ನಾವು ಮಾಡಿಕೊಂಡವೇ?

ಹಳಗನ್ನಡದ ಓದುಗ (ಪ್ರಶ್ನೆ)

ಜೈನ ಕವಿ ಜನ್ನನ ‘ಯಶೋಧರ ಚರಿತೆ’ಯನ್ನು (1209) ಮತ್ತೆ ಓದುತ್ತಿರುವಾಗ ಹುಟ್ಟಿದ ಪ್ರಶ್ನೆಯಿದು. ಹೆಂಡತಿಯ ದ್ರೋಹವನ್ನು ಕಂಡ ಯಶೋಧರ ಅದನ್ನು ಕೆಟ್ಟ ಕನಸೆಂದು ಮರೆಮಾಚಿ ತಾಯಿಗೆ ಹೇಳುತ್ತಾನೆ. ಅದರ ಶಾಂತಿಗೆ ಬಲಿ ಕೊಡಲೇಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿದಾಗ, ಜೀವಹತ್ಯೆಗೆ ಮನಸ್ಸೊಪ್ಪದ ಅವನು ಹಿಟ್ಟಿನ ಕೋಳಿಗೆ ಒಪ್ಪಿಕೊಳ್ಳುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಷ್ಟು ಮಾತ್ರಕ್ಕೆ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಗುತ್ತದೆ.

ಇತ್ತ ಅದೇ ಹದಿಮೂರನೆಯ ಶತಮಾನದಲ್ಲಿ, ಇದೇ ನಾಡಿನ ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಶುವನ್ನು ಅರ್ಪಿಸುವುದನ್ನು ಎತ್ತಿಹಿಡಿಯಿತು. ಒಬ್ಬರಿಗೆ ಪಾಪವಾದ ಹಿಟ್ಟೇ ಇನ್ನೊಬ್ಬರಿಗೆ ಪಾಪದಿಂದ ಪಾರಾಗುವ ದಾರಿಯಾದರೆ, ಕೆಡುಕೆಂಬುದು ಲೋಕದಲ್ಲಿ ಇರುವ ವಸ್ತುವೇ, ಅಥವಾ ನಮ್ಮ ಕಲ್ಪನೆಯೇ?

ದರ್ಶನಪ್ರಿಯ

ಜೈನರ ಮಟ್ಟಿಗಂತೂ ಕಲ್ಪನೆ ಎಂಬ ಮಾತಿಗೆ ಎಡೆಯಿಲ್ಲ. ಅವರಲ್ಲಿ ಕರ್ಮವೇ ಒಂದು ದ್ರವ್ಯ. ಮನಸ್ಸು, ಮಾತು, ದೇಹಗಳ ಚಲನೆಯಿಂದ ಸೂಕ್ಷ್ಮ ಪುದ್ಗಲವು, ಅಂದರೆ ಜಡವಸ್ತುವಿನ ಕಣಗಳು, ಜೀವದ ಕಡೆಗೆ ಹರಿದುಬಂದು, ರಾಗದ್ವೇಷಗಳಿದ್ದರೆ ಅಲ್ಲಿಯೇ ಅಂಟಿಕೊಳ್ಳುತ್ತದೆ. ಕೊಲ್ಲುವ ಸಂಕಲ್ಪ ಮಾಡಿದವನಿಗೆ ಎದುರಿಗಿರುವುದು ಹಿಟ್ಟೋ ಮಾಂಸವೋ ಎಂಬುದರಿಂದ ವಿನಾಯಿತಿ ಸಿಗದಿರುವುದು ಇದರಿಂದಾಗಿ. ಇನ್ನು ವೇದದ ಯಜ್ಞವಿಧಿಗಳನ್ನು ವಿಚಾರಿಸುವ ಮೀಮಾಂಸಕರು ಧರ್ಮವನ್ನು ವೇದವಿಧಿಯಿಂದ ಮಾತ್ರ ತಿಳಿಯಬಹುದೆನ್ನುತ್ತಾರೆ. ಆದರೆ ಅವರ ಪಾಲಿಗೆ ವೇದ ಅಪೌರುಷೇಯ, ಅಂದರೆ ಅದನ್ನು ಯಾರೂ ರಚಿಸಿಲ್ಲ. ಯಜ್ಞದ ಹಿಂಸೆಯ ವಿಚಾರದಲ್ಲಿ ಎರಡೂ ಪಕ್ಷಗಳು ಪರಸ್ಪರ ಎದುರಾಳಿಗಳು. ಒಳಿತು-ಕೆಡುಕು ಮನುಷ್ಯರ ಒಪ್ಪಂದವಲ್ಲ ಎಂಬಲ್ಲಿ ಮಾತ್ರ ಒಂದೇ ದನಿ. (ನನಗೆ ಇವರ ಜಗಳಕ್ಕಿಂತ ಈ ಹೊಂದಾಣಿಕೆಯೇ ಹೆಚ್ಚು ಕುತೂಹಲಕರ.)

ಸಂದೇಹಿ

ಇಬ್ಬರೂ ಒಪ್ಪಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಪುದ್ಗಲವನ್ನು ಕಂಡವರಿಲ್ಲ, ಅಪೌರುಷೇಯತ್ವವನ್ನು ಸಾಧಿಸಿದವರಿಲ್ಲ. ಕಣ್ಣಿಗೆ ಕಾಣುವುದು ಇಷ್ಟೇ: ಕರ್ನಾಟಕದಲ್ಲಿ ದೇವಸ್ಥಾನಗಳ ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನು 1959ರಲ್ಲಿ ಬಂತು, ಅದಕ್ಕೆ ಮೊದಲು ಜಾತ್ರೆಯಲ್ಲಿ ಕೋಣ ಕಡಿದವನು ಊರಿನ ಕಣ್ಣಿಗೆ ಭಕ್ತ, ಆಮೇಲೆ ಕಡಿದವನು ಕಾನೂನಿನ ಕಣ್ಣಿಗೆ ಅಪರಾಧಿ. ಬದಲಾದದ್ದು ಮನುಷ್ಯರ ತೀರ್ಮಾನ, ಲೋಕವಲ್ಲ.

ತುಂಗೆಯ ದಡದವಳು

ಸಂದೇಹಿಯವರ ಉದಾಹರಣೆ ಅವರ ವಾದಕ್ಕೇ ತೊಡಕಾಗುತ್ತದೆಯೆಂದು ನನ್ನ ಅನಿಸಿಕೆ. ನಾಳೆ ವಿಧಾನಸಭೆ ಆ ಕಾನೂನನ್ನು ರದ್ದುಪಡಿಸಿದರೆ ಅಪರಾಧ ಇಲ್ಲವಾಗುತ್ತದೆ, ನಿಜ. ಕೋಣದ ನೋವು ರದ್ದಾಗುವುದಿಲ್ಲ. ಅಪರಾಧ ಮತ್ತು ಕೆಡುಕು ಎರಡೂ ಒಂದೇ ಆಗಿದ್ದರೆ, ಈ ಕಾನೂನು ಸರಿಯೋ ತಪ್ಪೋ ಎಂದು ಕೇಳುವುದಕ್ಕೇ ಅರ್ಥವಿರುತ್ತಿರಲಿಲ್ಲ.

ಇಲ್ಲಿ ಎರಡು ಬೇರೆ ಮಾತುಗಳು ಕಲಸಿಹೋಗಿವೆ. ಕೆಡುಕು ಇರಬೇಕಾದರೆ ನೋಯುವ, ಬಯಸುವ, ಸಂಕಲ್ಪಿಸುವ ಮನಸ್ಸುಗಳಿರಬೇಕು ಎನ್ನುವುದು ಒಂದು. ಕೆಡುಕು ಯಾವುದೆಂಬುದು ನಮ್ಮ ಅಭಿಪ್ರಾಯದಿಂದ ನಿರ್ಧಾರವಾಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ಒಪ್ಪಿದವರು ಎರಡನೆಯದನ್ನೂ ಒಪ್ಪಲೇಬೇಕೆಂದಿಲ್ಲ. ತಲೆನೋವು ಅನುಭವಿಸುವ ಮನಸ್ಸಿಲ್ಲದೆ ಇರಲಾರದು. ಆದರೂ ನನಗೆ ತಲೆನೋವಿದೆಯೇ ಇಲ್ಲವೇ ಎಂಬುದನ್ನು ಊರಿನವರು ಕೈಯೆತ್ತಿ ತೀರ್ಮಾನಿಸಲಾಗದು. ಮನುಷ್ಯರೂ ಪ್ರಾಣಿಗಳೂ ಇಲ್ಲದ ಬರೀ ಕಲ್ಲುಮಣ್ಣಿನ ಲೋಕದಲ್ಲಿ ಕೆಡುಕಿಲ್ಲ ಎಂದು ನಾನು ಒಪ್ಪುತ್ತೇನೆ. ಆದ್ದರಿಂದ ಅದು ಕಲ್ಪನೆ ಎಂಬ ತೀರ್ಮಾನವನ್ನು ಒಪ್ಪುವುದಿಲ್ಲ.

ಹಳಗನ್ನಡದ ಓದುಗ

ತಮ್ಮ ವಿಂಗಡಣೆ ಉಪಯುಕ್ತವಾಗಿದೆ. ಆದರೆ ಕೋಣಕ್ಕೆ ಹೊಂದುವ ಈ ವಾದ ನನ್ನ ಕೋಳಿಗೆ ಹೊಂದೀತೇ? ಹಿಟ್ಟಿಗೆ ನೋವಿಲ್ಲ. ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ಕುಂಕುಮ ತುಂಬಿ ವಾಹನದ ಮುಂದೆ ಒಡೆಯುತ್ತೇವೆ; ರಸ್ತೆಯ ಮೇಲೆ ಅದು ರಕ್ತದಂತೆಯೇ ಹರಡಿಕೊಳ್ಳುತ್ತದೆ. ಅದನ್ನು ಯಾರೂ ಪಾಪವೆನ್ನುವುದಿಲ್ಲ.

ತುಂಗೆಯ ದಡದವಳು

ಒಡೆಯುವವರ ಮನಸ್ಸಿನಲ್ಲಿ ಕೊಲ್ಲುವ ಬಯಕೆ ಉಳಿದಿಲ್ಲ, ಆದ್ದರಿಂದ ಜೈನರ ಅಳತೆಯಲ್ಲಿಯೂ ಅದು ಯಶೋಧರನ ಕೋಳಿಗೆ ಸಮನಾಗಲಾರದು. ಯಶೋಧರನಾದರೋ ಜೀವಬಲಿ ಕೆಟ್ಟದ್ದೆಂದು ತಿಳಿದೂ, ಬಲಿಯ ಫಲವನ್ನು ಬಯಸಿ, ಕೊಲೆಯನ್ನು ಅಭಿನಯಿಸಿದವನು. ಹಾಗಿದ್ದರೂ ಅವನಿಗೆ ಬಂದ ಶಿಕ್ಷೆ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಹೀಗೆ ‘ಅತಿಯಾಯಿತು’ ಎಂದು ನಾನು ವಾದಿಸುವಾಗ ನನ್ನ ರುಚಿಯನ್ನು ಹೇಳಿಕೊಳ್ಳುತ್ತಿಲ್ಲ. ಜನ್ನನಿಗಾಗಲಿ ಸಂದೇಹಿಯವರಿಗಾಗಲಿ ಕಾರಣ ಕೊಟ್ಟು ತೋರಿಸಬಹುದಾದದ್ದನ್ನು ಹೇಳುತ್ತಿದ್ದೇನೆ.

ಸಂದೇಹಿ

ಕಾರಣ ಕೊಡಬಹುದೆಂಬುದನ್ನು ಒಪ್ಪುತ್ತೇನೆ. ಆ ಕಾರಣ ಹುಲಿಗೂ ಅನ್ವಯಿಸುತ್ತದೆಯೇ ಎಂಬುದಕ್ಕೆ ಮಾತ್ರ ಉತ್ತರ ಬೇಕು: ಕೋಣಕ್ಕೆ ಹುಲಿಯಿಂದ ಆಗುವ ನೋವೂ ಅಷ್ಟೇ, ಆದರೆ ಹುಲಿಯನ್ನು ನಾವು ಕೆಟ್ಟದ್ದೆನ್ನುವುದಿಲ್ಲ.