ಅಪ್‌ಡೇಟ್: ಜೈಲಲ್ಲಿರೋ ತಮ್ಮನ್ನ ನೋಡೋಕೆ ಅಮ್ಮನ್ನ ಬಿಟ್ರು

ಹೋದ ತಿಂಗಳು ಕೇಳಿದ್ನಲ್ಲ, ವಿಚಾರಣಾಧೀನ ಖೈದಿಯಾಗಿರೋ ನನ್ನ ತಮ್ಮನ್ನ ನೋಡೋಕೆ ಹೋದ್ರೆ ಅಮ್ಮನ ಆಧಾರ್‌ನಲ್ಲಿ ಹೆಸರು ಬೇರೆ ಥರ ಇದೆ ಅಂತ ಗೇಟಲ್ಲೇ ವಾಪಸ್ ಕಳಿಸ್ತಿದಾರೆ ಅಂತ. ಸಮಸ್ಯೆ ಬಗೆಹರೀತು!

ನಿಮ್ಮಲ್ಲಿ ಕೆಲವರು ಹೇಳಿದಂಗೆ ಕೋರ್ಟ್ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ, ಖರ್ಚಿಲ್ಲದೆ ವಕೀಲರನ್ನ ಕೊಟ್ರು, ಅವರು ರೇಷನ್ ಕಾರ್ಡು, ತಮ್ಮನ ಮಾರ್ಕ್ಸ್ ಕಾರ್ಡು ಲಗತ್ತಿಸಿ ಸೂಪರಿಂಟೆಂಡೆಂಟ್‌ಗೆ ಅರ್ಜಿ ಬರೆದು, ಸೀಲ್ ಹಾಕಿದ ಒಂದು ಕಾಪಿ ನಮ್ಮ ಕೈಗೇ ಕೊಡಿಸಿದ್ರು. ಆ ಸೀಲ್ ತುಂಬಾ ಮುಖ್ಯ ಕಣ್ರೀ, ಬಾಯಲ್ಲಿ ಕೇಳಿದ್ರೆ ಬಾಯಲ್ಲೇ ಇಲ್ಲ ಅಂದ್ಬಿಡ್ತಾರೆ, ಬರೆದು ಕೊಟ್ರೆ ಹಂಗನ್ನೋಕಾಗಲ್ಲ.

ವಕೀಲರು ಇನ್ನೊಂದು ವಿಷಯ ಹೇಳಿದ್ರು. 1981ರಲ್ಲೇ ಫ್ರಾನ್ಸಿಸ್ ಕೊರಾಲಿ ಮಲ್ಲಿನ್ ಕೇಸಲ್ಲಿ ಸುಪ್ರೀಂ ಕೋರ್ಟು, ಬಂಧನದಲ್ಲಿರೋರು ಮನೆಯೋರನ್ನ, ವಕೀಲರನ್ನ ಭೇಟಿ ಮಾಡೋದು ಸಂವಿಧಾನದ 21ನೇ ವಿಧಿಯೊಳಗೇ (ಜೀವ, ಸ್ವಾತಂತ್ರ್ಯದ ಹಕ್ಕು) ಬರುತ್ತೆ ಅಂದಿದೆಯಂತೆ. ಅದು ಮುನ್ನೆಚ್ಚರಿಕೆ ಬಂಧನದ (ಮುಂದೆ ತಪ್ಪು ಮಾಡಬಹುದು ಅಂತ ವಿಚಾರಣೆ ಇಲ್ದೆ ಮೊದಲೇ ಹಿಡಿದಿಡೋದು) ಕೇಸು, ತಿಂಗಳಿಗೆ ಒಂದೇ ಭೇಟಿ ಅನ್ನೋ ನಿಯಮಾನೇ ಹೊಡೆದು ಹಾಕಿದ್ರು. ಅಂದ್ರೆ ಇದು ಯಾರೋ ದಯೆ ತೋರ್ಸಿ ಕೊಡೋದಲ್ಲ, ಹಕ್ಕು. ಅಮ್ಮ ಇಷ್ಟು ದಿನ ಗೇಟಲ್ಲಿರೋರಿಗೆಲ್ಲ ಕೈ ಮುಗಿದಿದ್ದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಮೊನ್ನೆ ಒಳಗೆ ಬಿಟ್ರು. ಗಾಜಿನಾಚೆ ಅವನು, ಈಚೆ ಇಂಟರ್‌ಕಾಮ್ ಹಿಡ್ಕೊಂಡು ಅಮ್ಮ, ಮೊದಲು ಕೇಳಿದ್ದೇ "ಮಾತ್ರೆ ಕೊಡ್ತಾರೇನೋ?" ಅಂತ.

ದೂರ ಇರೋರು ಜೈಲು ಭೇಟಿಗೆ ಅಂತ ಸರ್ಕಾರ ಮಾಡಿರೋ ವೆಬ್‌ಸೈಟ್ ಇ-ಮುಲಾಕಾತ್‌ನಲ್ಲಿ ರಿಜಿಸ್ಟರ್ ಮಾಡಿ ನೋಡಿ, ವಿಡಿಯೋ ಭೇಟಿಗೂ ಅವಕಾಶ ಇದೆ, ಅಕ್ಕನಿಗೆ ಅದ್ರಲ್ಲೇ ಹಾಕಿದೀವಿ. ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.