ಮನೆಯಲ್ಲೇ ಮಾಡಿದ ಟಚ್ ಪ್ರೋಬ್: ಕೇಂದ್ರ ಒಂದೇ ಕಡೆಗೆ ಸರಿಯುತ್ತಿರುವುದೇಕೆ?

ಪ್ರಶ್ನೆ: ಸೋಮವಾರಪೇಟೆ ಶೆಡ್

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಸಮೀಪದ ನಮ್ಮ ತೋಟದ ಮನೆಯ ಹಿಂಭಾಗದಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಕಾಫಿ ಕೊಯ್ಲಿಗೆ ಮೊದಲು ಅಕ್ಕಪಕ್ಕದ ತೋಟದವರ ಪಲ್ಪರ್‌ಗಳ ಬೇರಿಂಗ್ ಹೌಸಿಂಗ್ ಬೋರ್ ಮಾಡಿ ಬುಷ್ ಕೂರಿಸಿಕೊಡುವುದು ನನ್ನ ಮುಖ್ಯ ಕೆಲಸ. ಅವು ಹಳೆಯ ಬೀಡುಕಬ್ಬಿಣದ ಎರಕಗಳಾದ್ದರಿಂದ ಅಳತೆಗೆ ಆಧಾರವಾಗುವಂಥ ನೇರ ಅಂಚು ಹೊರಮೈಯಲ್ಲಿ ಒಂದೂ ಇರುವುದಿಲ್ಲ. ಇರುವ ತೂತಿನ ಕೇಂದ್ರವನ್ನು ಹಿಡಿದೇ ಕೆಲಸ ಆರಂಭಿಸಬೇಕು. ಡಯಲ್ ಸುತ್ತಿಸುತ್ತ ಕೂರುವುದು ಸಾಕಾಗಿ, ಸಿಎನ್‌ಸಿಗೆ (ಕಂಪ್ಯೂಟರ್ ನಿಯಂತ್ರಣಕ್ಕೆ) ಬದಲಾಯಿಸಿಕೊಂಡ ನನ್ನ ಸಣ್ಣ ಮಿಲ್ಲಿಂಗ್ ಯಂತ್ರಕ್ಕೆ ಟಚ್ ಪ್ರೋಬ್ (ವಸ್ತುವಿಗೆ ತಾಗಿದ ಕ್ಷಣವನ್ನು ಯಂತ್ರಕ್ಕೆ ತಿಳಿಸುವ ಸಾಧನ) ಒಂದನ್ನು ನಾನೇ ಮಾಡಿದೆ.

ನೈಲಾನ್ ಹಬ್‌ಗೆ 120 ಡಿಗ್ರಿ ಅಂತರದಲ್ಲಿ ಮೂರು ಉಕ್ಕಿನ ಪಿನ್ನುಗಳಿವೆ. ಪ್ರತಿ ಪಿನ್ನು ಸೈಕಲ್ಲಿನ ಕಾಲಿಂಚಿನ ಎರಡು ಬಾಲುಗಳ ನಡುವೆ ಕೂರುತ್ತದೆ, ಮೇಲಿನಿಂದ ಸ್ಪ್ರಿಂಗ್ ಒತ್ತುತ್ತದೆ. ಆರೂ ಸ್ಪರ್ಶಬಿಂದುಗಳು ಒಂದೇ ಸರಣಿಯಲ್ಲಿರುವುದರಿಂದ ಸ್ಟೈಲಸ್ (ವಸ್ತುವನ್ನು ಮುಟ್ಟುವ ಕಡ್ಡಿ) ಯಾವ ಕಡೆಗೆ ತಾಗಿದರೂ ಸರ್ಕ್ಯೂಟ್ ಕಡಿಯುತ್ತದೆ. ಸ್ಟೈಲಸ್ಸಿಗೆ 2 ಮಿ.ಮೀ. ದಪ್ಪದ ಸೈಕಲ್ ಕಡ್ಡಿಯನ್ನು 60 ಮಿ.ಮೀ. ಉದ್ದಕ್ಕೆ ಕತ್ತರಿಸಿ ಹಾಕಿದ್ದೇನೆ (ಮಗನ ಹಳೆಯ ಸೈಕಲ್ಲಿನ ಮುಕ್ಕಾಲು ಪಾಲು ಈಗ ನನ್ನ ಶೆಡ್ಡಿನಲ್ಲಿಯೇ ಇದೆ).

ಹೊಸ 6205 ಬೇರಿಂಗಿನ 25 ಮಿ.ಮೀ. ಒಳತೂತನ್ನು ಗೇಜಿನಂತೆ ಇಟ್ಟುಕೊಂಡು ಪರೀಕ್ಷಿಸಿದಾಗ, ಪ್ರೋಬ್ ತೋರಿಸುವ ಕೇಂದ್ರ ಪ್ರತಿ ಸಲವೂ ಎಕ್ಸ್ ದಿಕ್ಕಿನಲ್ಲಿ ಒಂದೇ ಕಡೆಗೆ ಸುಮಾರು 0.07 ಮಿ.ಮೀ. ಸರಿದಿರುತ್ತದೆ. ಅದು ಸಾಲದೆಂಬಂತೆ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದ ಮೇಲೆ ಕೆಲವು ಬೆಳಿಗ್ಗೆ ಸರ್ಕ್ಯೂಟ್ ಕೂಡುವುದೇ ಇಲ್ಲ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಟೂಲ್‌ರೂಮ್, ಮಡಿಕೇರಿ

ನಿಮ್ಮ ವಿನ್ಯಾಸದ ತತ್ವದಲ್ಲಿ ತಪ್ಪಿಲ್ಲ. ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿನ ಸಣ್ಣ ಇಂಧನ ಕೊಳವೆಗಳನ್ನು ಅಳೆಯುವುದಕ್ಕೆಂದು 1972ರಲ್ಲಿ ಡೇವಿಡ್ ಮ್ಯಾಕ್‌ಮರ್ಟ್ರಿ ರೂಪಿಸಿದ ಪ್ರೋಬ್ ಕೂಡ ಸ್ಟೈಲಸ್ ತಾಗಿ ಪಕ್ಕಕ್ಕೆ ಸರಿದರೂ ಬಿಟ್ಟ ಕೂಡಲೇ ಸ್ಪ್ರಿಂಗಿನ ಒತ್ತಡದಿಂದ ಅದೇ ಸ್ಥಾನಕ್ಕೆ ಮರಳಿ ಕೂರುವಂಥದ್ದೇ.

ಆದರೆ ಮೂರು ಕಾಲಿನ ಈ ಪೀಠಕ್ಕೆ ಹುಟ್ಟುಗುಣವೊಂದಿದೆ. ಒಂದು ದಿಕ್ಕಿಗೆ ಒತ್ತಿದಾಗ ಹಬ್ ಒಂದೇ ಪಿನ್ನಿನ ಮೇಲೆ ವಾಲುತ್ತದೆ. ಅದರ ಎದುರು ದಿಕ್ಕಿಗೆ ಒತ್ತಿದಾಗ ಉಳಿದೆರಡು ಪಿನ್ನುಗಳನ್ನು ಸೇರಿಸುವ ಗೆರೆಯ ಮೇಲೆ ವಾಲುತ್ತದೆ. ಆ ಗೆರೆ ಕೇಂದ್ರಕ್ಕೆ ಅರ್ಧದಷ್ಟು ಹತ್ತಿರವಿರುವುದರಿಂದ ಬೇಕಾಗುವ ಬಲವೂ ಅರ್ಧವೇ. ಬಲ ಹೆಚ್ಚು ಬೇಕಾದ ಕಡೆ ಸರ್ಕ್ಯೂಟ್ ಕಡಿಯುವ ಮೊದಲು ಸ್ಟೈಲಸ್ ಹೆಚ್ಚು ಬಾಗುತ್ತದೆ, ಆ ವ್ಯತ್ಯಾಸವೇ ಕೇಂದ್ರವನ್ನು ಎಳೆಯುತ್ತದೆ. ನಿಮ್ಮ ಕಡ್ಡಿಯ ತುದಿಗೆ 50 ಗ್ರಾಂ ಭಾರ ಬಿದ್ದರೆ ಅದು 0.2 ಮಿ.ಮೀ.ಗಿಂತ ಹೆಚ್ಚು ಬಾಗುತ್ತದೆಂದು ಲೆಕ್ಕ ಹೇಳುತ್ತದೆ. ಉದ್ದವನ್ನು ಅರ್ಧಕ್ಕಿಳಿಸಿದರೆ ಬಾಗುವುದು ಎಂಟರಲ್ಲಿ ಒಂದು ಪಾಲಾಗುತ್ತದೆ. ಸರ್ಕ್ಯೂಟ್ ಬೋರ್ಡ್ ಕೊರೆಯುವ ಮುರಿದ ಕಾರ್ಬೈಡ್ ಡ್ರಿಲ್ಲುಗಳ ಹಿಡಿಕೆ 3.175 ಮಿ.ಮೀ. ದಪ್ಪವಿರುತ್ತದೆ ಮತ್ತು ಕಾರ್ಬೈಡ್ ಉಕ್ಕಿಗಿಂತ ಸುಮಾರು ಮೂರು ಪಟ್ಟು ಬಿಗಿ. ಅದರ ತುದಿಗೆ ಒಂದು ಬಾಲು ಅಂಟಿಸಿಕೊಳ್ಳಿ. ಸ್ಪ್ರಿಂಗನ್ನೂ, ಪ್ರೋಬ್ ಯಂತ್ರದ ಕಂಪನಕ್ಕೆ ತಾನಾಗಿ ಕಡಿಯದಷ್ಟು ಮಾತ್ರ ಉಳಿಸಿಕೊಂಡು, ಸಡಿಲಗೊಳಿಸಿ.

ಇಷ್ಟಕ್ಕೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ರೋಬನ್ನು ಸ್ಪಿಂಡಲ್ಲಿನಲ್ಲಿ 180 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಕೇಂದ್ರ ಎದುರು ಕಡೆಗೆ ಸರಿದರೆ ದೋಷ ಪ್ರೋಬಿನದು, ಅಥವಾ ಸ್ಟೈಲಸ್ ನಡುವಿನಲ್ಲಿ ಇಲ್ಲ. ಅಲ್ಲಿಯೇ ನಿಂತರೆ ಅದು ಎಕ್ಸ್ ಸ್ಕ್ರೂವಿನ ಸಡಿಲು, ಅಂದರೆ ದಿಕ್ಕು ಬದಲಿಸುವಾಗ ವ್ಯರ್ಥವಾಗುವ ಚಲನೆ, ಬ್ಯಾಕ್‌ಲ್ಯಾಶ್. ತೂತಿನ ಎರಡು ಬದಿಯನ್ನು ಎರಡು ದಿಕ್ಕಿನಿಂದ ಮುಟ್ಟುವಾಗ ಅದರ ಅರ್ಧದಷ್ಟು ಕೇಂದ್ರಕ್ಕೆ ಸೇರಿಬಿಡುತ್ತದೆ.

ಉತ್ತರ: ವಿರಾಜಪೇಟೆಯಿಂದ

ಮಳೆಗಾಲದ ತೊಂದರೆಯ ಬಗ್ಗೆ ಮಾತ್ರ ಹೇಳುತ್ತೇನೆ. ನೈಲಾನ್ ತೇವ ಹೀರಿ ಊದುತ್ತದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಅಳತೆಯ ಸಾಧನಕ್ಕೆ ಬಳಸಲೇಬಾರದು ಎಂಬುದು ನನ್ನ ಅಭಿಪ್ರಾಯ. ತೇವ ಅಷ್ಟಾಗಿ ಹೀರದ ಡೆಲ್ರಿನ್ ಪ್ಲಾಸ್ಟಿಕ್ ಎಷ್ಟೋ ಮೇಲು. ಸೈಕಲ್ ಬಾಲುಗಳ ಮೇಲೆ ಕಣ್ಣಿಗೆ ಕಾಣದಷ್ಟು ತುಕ್ಕಿನ ಪದರ ಬಂದರೂ ಆರರಲ್ಲಿ ಒಂದು ಸ್ಪರ್ಶ ಕೈಕೊಟ್ಟರೆ ಸಾಕು, ಇಡೀ ಸರಣಿ ಸತ್ತಂತೆ. ಪಿನ್ನುಗಳಿಗೂ ಅದೇ ಕಾರ್ಬೈಡ್ ಹಿಡಿಕೆಗಳನ್ನು ಹಾಕಿ, ಬಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕೆಲಸವಿಲ್ಲದಾಗ ಪ್ರೋಬನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ನಿಮ್ಮ ಯಂತ್ರವನ್ನು ನಡೆಸುವುದು ಆರ್ಡುಯಿನೊ ಊನೊ ಬೋರ್ಡಿನ ಮೇಲಿನ ಜಿಆರ್‌ಬಿಎಲ್ ತಂತ್ರಾಂಶವಾಗಿದ್ದರೆ, ಪ್ರೋಬ್ ಜೋಡಿಸುವ ಎ5 ಪಿನ್ನಿನ ಒಳಗಿನ, ಸರ್ಕ್ಯೂಟ್ ಕಡಿದಾಗ ಸಿಗ್ನಲ್ಲನ್ನು ಮೇಲಕ್ಕೆ ಎಳೆಯುವ ರೆಸಿಸ್ಟರ್ ಆದ ಪುಲ್‌ಅಪ್ 20 ಕಿಲೋಓಮ್‌ಗಿಂತ ಹೆಚ್ಚಿದ್ದು, ಹರಿಯುವ ಕರೆಂಟ್ ತೀರ ಕಡಿಮೆ. ಹೊರಗಿನಿಂದ 1 ಕಿಲೋಓಮ್ ಪುಲ್‌ಅಪ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸ್ಪಿಂಡಲ್ ಡ್ರೈವಿನ ಗದ್ದಲವೂ ಅಡಗುತ್ತದೆ. ಅದರಿಂದಾಗುವ ವಿಳಂಬ ಸುಮಾರು 0.1 ಮಿಲಿಸೆಕೆಂಡ್ ಮಾತ್ರ. ನಿಮಿಷಕ್ಕೆ 60 ಮಿ.ಮೀ. ವೇಗದಲ್ಲಿ ಮುಟ್ಟುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 180 ಡಿಗ್ರಿ ತಿರುಗಿಸಿದಾಗ ಕೇಂದ್ರ ಎದುರು ಕಡೆಗೆ ಸರಿಯಿತು, ಆದರೆ 0.07ರ ಬದಲು 0.04 ಮಾತ್ರ, ಹಾಗಾಗಿ ಬ್ಯಾಕ್‌ಲ್ಯಾಶಿನ ಪಾಲೂ ಸ್ವಲ್ಪ ಇದೆ. ಕಾರ್ಬೈಡ್ ಸ್ಟೈಲಸ್ಸನ್ನು 30 ಮಿ.ಮೀ.ಗೆ ಕತ್ತರಿಸಿ ಹಾಕಿದ ಮೇಲೆ ಪ್ರೋಬಿನ ಪಾಲು 0.01ರ ಒಳಗೆ ಬಂದಿದೆ. ಡೆಲ್ರಿನ್ ಮೈಸೂರಿನಿಂದ ಬರಬೇಕು.

ನಿವೃತ್ತ ಟೂಲ್‌ರೂಮ್, ಮಡಿಕೇರಿ

ಬುಷ್ ಕೆಲಸಕ್ಕೆ ಅಷ್ಟು ಧಾರಾಳವಾಯಿತು; ಇನ್ನು ಸ್ಕ್ರೂವಿನ ನಟ್ ಬಿಗಿ ಮಾಡಿ. ಇನ್ನೊಂದು ಮಾತು: ಸ್ಪಿಂಡಲ್ಲಿನ ಕಂಟ್ರೋಲ್ ವೈರಿಗೂ ಪ್ರೋಬಿನ ವೈರಿಗೂ ಒಂದೇ ಸಾಕೆಟ್ ಇಡಿ. ಒಂದನ್ನು ಕಿತ್ತರೆ ಮಾತ್ರ ಇನ್ನೊಂದು ಕೂರುವಂತಿದ್ದರೆ, ಪ್ರೋಬ್ ಹಾಕಿರುವಾಗ ಮರೆತು ಸ್ಪಿಂಡಲ್ ಚಾಲೂ ಮಾಡಿ ಕೇಬಲ್ಲನ್ನೆಲ್ಲ ಸುತ್ತಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ. ನನಗೆ ಒಮ್ಮೆ ಬಂದಿತ್ತು.