ಘಾತಾಂಕದ ಲೆಕ್ಕ: ಎ² ಮೇಲಿರಬೇಕಾ, ಕೆಳಗಾ?

ಕಾಫಿಹೂ, ಸೋಮವಾರಪೇಟೆ:
ಮಳೆ ರಜೆ, ಕರೆಂಟೂ ಇಲ್ಲ. 8ನೇ ಕ್ಲಾಸಿನ ಮಗಳಿಗೆ ಲೆಕ್ಕ ಮಾಡಿಸಲು ಕೂತು ಇಬ್ಬರೂ ಸಿಕ್ಕಿಕೊಂಡಿದ್ದೇವೆ.

(6ಎ³ಬಿ²)² / (9ಎ⁸ಬಿ)

ಅವಳಿಗೆ 4ಎ²ಬಿ³ ಬಂತು. ನನಗೆ 4ಎ⁻²ಬಿ³. ಪುಸ್ತಕದ ಹಿಂದೆ ಇರುವುದು 4ಬಿ³/ಎ². ನಾನು ಓದು ಬಿಟ್ಟು ಇಪ್ಪತ್ತು ವರ್ಷ ಆಯ್ತು, ತಪ್ಪು ಹೇಳಿಕೊಟ್ಟರೆ ಅವಳ ತಲೆಯಲ್ಲಿ ಅದೇ ಕೂರುತ್ತದೆ ಅಂತ ಭಯ. ಎ² ಕೆಳಗೆ ಹೋಗಿದ್ದು ಹೇಗೆ?

ಟ್ಯೂಷನ್ ಟೀಚರ್, ವಿರಾಜಪೇಟೆ:
ಅಕ್ಕ, ನಿಮ್ಮ ಉತ್ತರ ಸರಿಯಾಗಿಯೇ ಇದೆ. ಎ⁻² ಅಂದರೆ 1/ಎ², ಹಾಗಾಗಿ ನಿಮ್ಮದೂ ಪುಸ್ತಕದ್ದೂ ಒಂದೇ. ಆವರಣದ ಹೊರಗಿನ 2 ಒಳಗಿರುವ ಎಲ್ಲದಕ್ಕೂ ಸೇರುತ್ತದೆ, 6ಕ್ಕೂ ಸೇರುತ್ತದೆ (ಮಕ್ಕಳು ಜಾಸ್ತಿ ಮರೆಯುವುದು ಇದನ್ನೇ), ಆಗ ಮೇಲೆ 36ಎ⁶ಬಿ⁴ ಆಯಿತು. ಮಗಳಿಗೆ ಎ ಅನ್ನು ಮೇಲೆ ಆರು ಸಲ, ಕೆಳಗೆ ಎಂಟು ಸಲ ಬಿಡಿಸಿ ಬರೆಯಲು ಹೇಳಿ. ಮೇಲೊಂದು ಕೆಳಗೊಂದು ಹೊಡೆಯುತ್ತಾ ಬರಲಿ. ಉಳಿಯುವ ಎರಡೂ ಕೆಳಗೇ ಇರುತ್ತವೆ, ಅಲ್ವಾ? ಅವಳು 8ರಲ್ಲಿ 6 ಕಳೆದದ್ದು ಸರಿ, ಉಳಿದದ್ದು ಎಲ್ಲಿ ಅಂತ ನೋಡಲಿಲ್ಲ.

ಬಿಎಸ್ಸಿ ಹುಡುಗ, ಕುಶಾಲನಗರ:
ಅನುಮಾನ ಬಂದರೆ ಸಂಖ್ಯೆ ಹಾಕಿ ನೋಡಿ ಆಂಟಿ. ಎ = 2, ಬಿ = 3 ಅಂದುಕೊಳ್ಳಿ. ಮೇಲೆ 432ರ ವರ್ಗ, ಅಂದರೆ 1,86,624. ಕೆಳಗೆ 6,912. ಭಾಗಿಸಿದರೆ 27. ಪುಸ್ತಕದ ಉತ್ತರದಲ್ಲೂ 27 ಬರುತ್ತದೆ, ತಂಗಿಯದರಲ್ಲಿ 432. 1 ಮಾತ್ರ ಹಾಕಬೇಡಿ, 1ರ ಯಾವ ಘಾತವೂ 1 ಆಗುವುದರಿಂದ ತಪ್ಪು ಕಾಣುವುದೇ ಇಲ್ಲ. ಸೊನ್ನೆಯೂ ಬೇಡ, ಛೇದ ಸೊನ್ನೆ ಆಗಿಬಿಡುತ್ತದೆ.

ಕಾಫಿಹೂ, ಸೋಮವಾರಪೇಟೆ:
ಬಿಡಿಸಿ ಬರೆದ ಮೇಲೆ ಅವಳಿಗೆ ತಾನಾಗೇ ಗೊತ್ತಾಯಿತು! ಮುಂದಿನ ಲೆಕ್ಕ (ಎ⁵ + ಎ²)/ಎ². ಎ²ಗೆ ಎ² ಹೊಡೆದು ಎ⁵ ಅಂತ ಬರೆದಿದ್ದಾಳೆ. ಸರಿನಾ?

ಟ್ಯೂಷನ್ ಟೀಚರ್, ವಿರಾಜಪೇಟೆ:
ಇಲ್ಲ ಅಕ್ಕ, ಇಲ್ಲಿ ಅವಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಮಧ್ಯೆ ಕೂಡುವ ಚಿಹ್ನೆ ಇದ್ದಾಗ ಒಂದನ್ನು ಮಾತ್ರ ಸುಮ್ನೆ ಹೊಡೆಯುವ ಹಾಗಿಲ್ಲ. ಎರಡರಲ್ಲೂ ಇರುವ ಎ²ನ್ನು ಮೊದಲು ಹೊರಗೆ ತೆಗೆಯಬೇಕು: ಎ²(ಎ³ + 1). ಈಗ ಅದು ಗುಣಾಕಾರ ಆಯಿತು, ಈಗ ಹೊಡೆಯಬಹುದು. ಉತ್ತರ ಎ³ + 1. ಎ = 2 ಹಾಕಿದರೆ 36/4, ಅಂದರೆ 9. ಎ³ + 1 ಕೂಡ 9, ಅವಳ ಎ⁵ಗೆ 32. ಈಗ (ಎ⁴ − ಎ²)/ಎ² ಕೊಟ್ಟು ನೋಡಿ, ನೀವು ಏನೂ ಹೇಳಬೇಡಿ.

ಕಾಫಿಹೂ, ಸೋಮವಾರಪೇಟೆ:
ಎ² − 1 ಅಂತ ಬರೆದಳು. 3 ಹಾಕಿ ತಾಳೆ ನೋಡಿದ್ದೂ ಅವಳೇ, ಎರಡು ಕಡೆಯೂ 8.